ಉಳಿಯುವ ಹಲ್ಲು

ನಮ್ಮ ಚನ್ನಗಿರಿಯ ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆದರೆ ಮೇಲಿನ ಸಾಲಿನಲ್ಲಿ ಸಣ್ಣ ತಂತಿ ಹೊಳೆಯುತ್ತಿತ್ತು. ಐವತ್ತು ದಾಟಿದವರು, ಅರ್ಧ ತಲೆ ನರೆತಿತ್ತು. 'ಈ ವಯಸ್ಸಿಗೆ ಕ್ಲಿಪ್ಪಾ ಡಾಕ್ಟ್ರೇ?' ಎಂದು ಯಾರಾದರೂ ನಕ್ಕರೆ, 'ವಯಸ್ಸು ಕೇಳಾದು ಮದುವೆಗೆ ಕಣ್ರಿ, ಹಲ್ಲಿಗಲ್ಲ. ಬುಡ ಗಟ್ಟಿ ಇದ್ರೆ ಸಾಕು' ಅನ್ನುತ್ತಿದ್ದರು.

ನನ್ನನ್ನು ಅವರ ಬಳಿ ಕರೆತಂದದ್ದು ಮದುವೆಯೇ. ಹೊನ್ನಾಳಿಯ ಗಂಡಿನ ಮನೆಯವರು ನನ್ನನ್ನು ಒಪ್ಪಿದ್ದರು. ಉಬ್ಬುಹಲ್ಲು ಮಾತ್ರ ಬೇಸಿಗೆಯ ಲಗ್ನದೊಳಗೆ ಸರಿಯಾಗಬೇಕು ಅಂದಿದ್ದರು. ಅಪ್ಪ ಇಲ್ಲದ ಮನೆಯಲ್ಲಿ ಸೋದರಮಾವನದೇ ಕೊನೆಯ ಮಾತು. ನಮ್ಮೂರು ತ್ಯಾವಣಿಗೆಯಿಂದ ಬಸ್ಸಿನಲ್ಲಿ ಕರೆತಂದವರೂ ಅವರೇ.

ಡಾಕ್ಟರಮ್ಮ ಒಸಡಿಗೆ ತೆಳ್ಳನೆಯ ಕಡ್ಡಿ ತಾಗಿಸಿದರು. ರಕ್ತ ಬಂತು. ಎಕ್ಸರೇ ತೆಗೆದು ಬೆಳಕಿಗೆ ಹಿಡಿದು ನೋಡಿದರು.

'ಈಗ ಕ್ಲಿಪ್ ಹಾಕಾಕೆ ಬರಲ್ಲ. ಒಸಡಿಗೆ ರೋಗ ಐತೆ, ಒಳಗೆ ಮೂಳೆ ಸವೆದೈತೆ. ತಂತಿ ಎಳೆದ್ರೆ ಹಲ್ಲು ಅಲ್ಲಾಡಿ ಬೀಳ್ತವೆ. ಮೊದ್ಲು ಒಸಡು ವಾಸಿಯಾಗ್ಲಿ. ತಿಂಗಳುಗಟ್ಲೆ ಬೇಕು.'

'ಅಷ್ಟು ಪುರಸೊತ್ತಿಲ್ಲ. ಮುಂದಿನವು ಕಿತ್ತು ಹೊಸವು ಕಟ್ಟಿಬಿಡ್ರಿ' ಎಂದರು ಮಾವ.

'ಉಳಿಯೋ ಹಲ್ಲು ನಾನು ಕೀಳಲ್ಲ.'

'ಕೀಳೋರು ಬೇರೆ ಅದಾರೆ. ಏಳೇ!' ಮಾವ ನನ್ನ ರಟ್ಟೆ ಹಿಡಿದು ಎಬ್ಬಿಸಿದರು.

ಡಾಕ್ಟರಮ್ಮ ಕೈಗವಸನ್ನೂ ಕಳಚದೆ ಬಾಗಿಲಿಗೆ ಅಡ್ಡ ನಿಂತರು. ಹೊರಗೆ ಬೆಂಚಿನ ಮೇಲಿದ್ದವರು ಕತ್ತು ಚಾಚಿದರು. 'ಸ್ವಲ್ಪ ನಿಲ್ರಿ ಯಜಮಾನ್ರೇ. ಬಾಯಿ ಇವಳದು, ಇವಳನ್ನ ಕೇಳೋಣ. ಹೇಳವ್ವ, ಕೀಳಿಸ್ತೀಯಾ?'

ನನ್ನ ಬಾಯಿಯಲ್ಲಿ ಇನ್ನೂ ರಕ್ತದ ರುಚಿ. ಮಾವನ ಹಿಡಿತ ಬಿಗಿಯಾಗುತ್ತಿತ್ತು.

'ಇಲ್ಲ' ಎಂದೆ.

ಮಾವನೆದುರು ಹಾಗೆ ಅಂದದ್ದು ಅದೇ ಮೊದಲು. ಅವರು ಕೈ ಕೊಡವಿ, ನನ್ನನ್ನು ಅಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದರು. ಡಾಕ್ಟರಮ್ಮ ನೀರು ಕೊಟ್ಟು, ಅವ್ವನಿಗೆ ಫೋನ್ ಮಾಡಿದರು.

ಸಂಬಂಧ ಮುರಿಯಿತು. ಮಾವ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಅವ್ವ ಹೆದರುತ್ತ ಹೆದರುತ್ತಲೇ ನನ್ನನ್ನು ಚನ್ನಗಿರಿಗೆ ಕರೆದೊಯ್ಯುತ್ತಿದ್ದಳು. ಒಸಡು ವಾಸಿಯಾದ ಮೇಲೆ ಡಾಕ್ಟರಮ್ಮ ಮತ್ತೆ ಎಕ್ಸರೇ ನೋಡಿ, 'ಈಗ ಹಾಕ್ಬಹುದು. ನಿಂಗೆ ಬೇಕು ಅನ್ಸಿದ್ರೆ ಮಾತ್ರ' ಎಂದರು. ಹಾಕಿಸಿಕೊಂಡೆ.

ಹೋದ ವರ್ಷ ಡಾಕ್ಟರಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಜಗಳೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಚನ್ನಗಿರಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ರಾತ್ರಿ ಊರಿಗೆ ಬಂದು ಅವ್ವನ ಮುಂದೆ ಉಣ್ಣಲು ಕೂತೆ. ರೊಟ್ಟಿ ಕಚ್ಚಿದೆ. ಕಚ್ಚಿದ್ದು ನನ್ನವೇ ಹಲ್ಲು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.