ಎಣ್ಣೆ ಕುಡಿದ ಜಗುಲಿ

ಅನ್ಯಾಯವನ್ನು ಕಂಡ ಕೂಡಲೇ ಅದಕ್ಕೊಂದು ಹೆಸರಿಟ್ಟು ಕರೆಯುವುದು ನನ್ನ ಹಳೆಯ ಅಭ್ಯಾಸ. ಕಾಲೇಜಿನಲ್ಲಿ ಅಂಟಿಕೊಂಡದ್ದು, ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಬಿಟ್ಟಿಲ್ಲ. ಈ ಮಾತಿಗೆ ಬೇಕಾದ ಸಾಕ್ಷ್ಯವನ್ನೆಲ್ಲ ನನ್ನ ಗಂಡ ರೇಣುಕಪ್ಪ ಒದಗಿಸಬಲ್ಲರು. ಆದ್ದರಿಂದ ತುರುವೇಕೆರೆಯ ಸಮೀಪದ ನಮ್ಮ ತೋಟದ ಮನೆಯ ಮುಂದೆ ಮರದ ಜಗುಲಿಯೊಂದನ್ನು ಮಾಡಿಸಿದಾಗ, ಇದು ಬರಿಯ ಕೂರುವ ಜಾಗವಲ್ಲ, ಒಂದು ಪ್ರತಿಭಟನೆ ಎಂದು ಮೊದಲ ದಿನವೇ ಘೋಷಿಸಿದ್ದೆ. ಬಡಗಿ ತಲೆದೂಗಿ, ಪ್ರತಿಭಟನೆಗೆ ಮೊಳೆ ಹೊಡೆಯುವುದೋ ಸ್ಕ್ರೂ ಹಾಕುವುದೋ ಎಂದು ಕೇಳಿದ್ದ.

ಹಳೆಯ ಮನೆಯಲ್ಲಿ ಕಲ್ಲಿನ ಜಗುಲಿಯಿತ್ತು. ಕಂಬಕ್ಕೆ ಒರಗಿ ಕೂರುವ ಹಕ್ಕು ಯಜಮಾನರಿಗೆ, ನಡುವಿನ ಜಾಗ ನೆಂಟರಿಗೆ, ಕೆಳಗಿನ ಅಂಗಳ ಕೆಲಸದವರಿಗೆ, ಬಾಗಿಲ ಹಿಂದಿನ ಕತ್ತಲು ಹೆಂಗಸರಿಗೆ. ಮನುಷ್ಯ ಎತ್ತರದ ಕಟ್ಟೆಗಳನ್ನು ಕಟ್ಟಿದ್ದು ನೆರೆಯಿಂದ ಪಾರಾಗಲಿಕ್ಕೆ ಎಂದು ತಿಳಿದವರು ಹೇಳುತ್ತಾರೆ. ನನಗೆ ಅನುಮಾನವಿದೆ, ಪಕ್ಕದವನನ್ನು ಕೆಳಗೆ ಕೂರಿಸುವುದಕ್ಕೇ ಕಟ್ಟಿರಬೇಕು. ನನ್ನ ಜಗುಲಿಯಲ್ಲಿ ಕಂಬವಿಲ್ಲ, ಮೂಲೆಯಿಲ್ಲ, ಎಲ್ಲಿ ಕೂತರೂ ಒಂದೇ ಎತ್ತರ. ಫಲ ನಿಂತ ತೆಂಗಿನ ಮರಗಳನ್ನು ಕೊಯ್ಸಿ ಮಾಡಿದ ಹಲಗೆ. ಇಪ್ಪತ್ತು ಜನ ಆರಾಮವಾಗಿ ಕೂರಬಹುದು.

ಊರು ಅದನ್ನು ಮಂಚ ಎಂದು ಕರೆಯಿತು. ಹಾಗೆ ಕರೆದವರಲ್ಲಿ ಹನುಮಕ್ಕ ಮೊದಲಿಗರು. ನಮ್ಮ ತೋಟದಲ್ಲಿ ಮೂವತ್ತು ವರ್ಷ ಒಣಗಿದ ಕಾಯಿಯ ಕರಟ ಒಡೆದು ಉಂಡೆ ಕೊಬ್ಬರಿ ತೆಗೆದವರು. ಇಡೀ ಕೊಬ್ಬರಿ ಬಿರುಕಿಲ್ಲದೆ ಹೊರಬರಬೇಕಾದರೆ ಹನುಮಕ್ಕನ ಕೈಯೇ ಬೇಕು. "ಅಲ್ಲ ಕಣವ್ವ, ಈಟು ದೊಡ್ಡ ಮಂಚ ಮಾಡ್ಸಿದೀಯಲ್ಲ, ಯಾರ್ ಮನಿಕ್ಕಂತಾರೆ ಇದ್ರ ಮ್ಯಾಲೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಜಗುಲಿಯ ಕೆಳಗೆ ಮಣ್ಣಿನ ಮೇಲೆ ಕೂತು ಎಲೆಯಡಿಕೆ ಬಿಚ್ಚಿದರು. ಅಂದಿನಿಂದ ಒಂದು ವರ್ಷ ಅವರ ಜಾಗ ಅದೇ. ಮೇಲೆ ಬನ್ನಿ ಎಂದರೆ, "ನಂಗೆ ನೆಲಾನೇ ಆಗ್ಬರದು ಬುಡವ್ವ" ಎನ್ನುವರು. ನಾನು ಸೈದ್ಧಾಂತಿಕ ಕಾರಣಗಳಿಂದ ಕೆಳಗಿಳಿದು ಪಕ್ಕದಲ್ಲಿ ಕೂತರೆ, ಅವರು ಗಾಬರಿಯಿಂದ ಎದ್ದು ನಿಲ್ಲುವರು. ಹೀಗೆ ಒಬ್ಬರು ಕೂತರೆ ಒಬ್ಬರು ಏಳುತ್ತ, ಸಮಾನತೆ ಎಂಬುದು ನಮ್ಮಿಬ್ಬರ ನಡುವೆ ಒಂದು ವ್ಯಾಯಾಮವಾಗಿತ್ತು.

ಆ ಭಾನುವಾರ ನಮ್ಮೂರ ಹೆಂಗಸರ ಮೊದಲ ಸಭೆ ಈ ಜಗುಲಿಯ ಮೇಲೆ ನಡೆಯಬೇಕಿತ್ತು. ನನಗಿದ್ದ ಆಸೆ ಒಂದೇ: ಹನುಮಕ್ಕ ಮೇಲೆ ಕೂರಬೇಕು. ಅವರು ಕೂತರೆ ಉಳಿದವರೂ ಕೂರುತ್ತಾರೆ. ಅವರು ನೆಲ ಹಿಡಿದರೆ ಊರೆಲ್ಲ ನೆಲ ಹಿಡಿದು, ಇಪ್ಪತ್ತು ಜನರ ಜಗುಲಿಯ ಮೇಲೆ ನಾನೊಬ್ಬಳೇ ಮಂತ್ರಿಯಂತೆ ಉಳಿಯಬೇಕಾಗುತ್ತದೆ.

ಒಂದು ಮಳೆಗಾಲಕ್ಕೆ ಹಲಗೆ ಬೂದುಬಣ್ಣಕ್ಕೆ ತಿರುಗಿ ಪಾಚಿ ಕಟ್ಟಿತ್ತು. ಸಭೆಗೆ ಮೊದಲು ಮರದ ಬಣ್ಣ ಹಚ್ಚಿಬಿಡೋಣವೆಂದು ಒಂದು ಡಬ್ಬ ತಂದೆ. ಡಬ್ಬದ ಮೇಲಿನ ಚಿತ್ರದಲ್ಲಿ ಗಂಡಸು ಬಣ್ಣ ಬಳಿಯುತ್ತಿದ್ದ, ಹೆಂಗಸು ಶರಬತ್ತು ಹಿಡಿದು ನಗುತ್ತಿದ್ದಳು. ಇದು ಶ್ರಮದ ಲಿಂಗ ವಿಭಜನೆ ಎಂದು ಕಂಪನಿಗೆ ಎರಡು ಪುಟದ ಪತ್ರ ಬರೆದ ಮೇಲಷ್ಟೇ ಹಿಂಬದಿಯ ಸೂಚನೆಗಳನ್ನು ಓದಿದೆ. ಮರ ಚೆನ್ನಾಗಿ ತೊಳೆದಿರಬೇಕು, ಎರಡು ದಿನ ಒಣಗಿರಬೇಕು, ಹನಿ ನೀರು ಹಾಕಿದರೆ ಕೂಡಲೇ ಇಂಗಬೇಕು. ಇಂಗದಿದ್ದರೆ ಬಣ್ಣ ಹಿಡಿಯುವುದಿಲ್ಲ.

ಸೋಮವಾರ ಹಲಗೆಗಳ ಸಂದು ಕೆದಕಿದೆ. ಎರಡು ಹೇರ್‌ಪಿನ್ನು, ಅಡಿಕೆ ಚೂರು, ಅರ್ಧ ಬಾಚಣಿಗೆ, ಮೌಢ್ಯದ ವಿರುದ್ಧ ನಾನೇ ಹಂಚಿದ್ದ ಕರಪತ್ರದಲ್ಲಿ ಕಟ್ಟಿದ ಕಡಲೆಬೀಜದ ಸಿಪ್ಪೆ ಹೊರಬಂದವು. ಮಂಗಳವಾರ ತೆಂಗಿನ ಜುಂಗು ಹಿಡಿದು, ಮರದ ಎಳೆ ಹೋದ ಕಡೆಗೇ ತಿಕ್ಕಿದೆ. ರೇಣುಕಪ್ಪ ಕುರ್ಚಿಯಲ್ಲಿ ಕೂತು ಮೇಲ್ವಿಚಾರಣೆ ಮಾಡಿದರು. ಮೇಲ್ವಿಚಾರಣೆ ಎಂಬುದು ಗಂಡಸರು ಕಂಡುಹಿಡಿದ ವಿಶ್ರಾಂತಿಯ ಒಂದು ಬಗೆ. ಬುಧವಾರ ಬೆಳಿಗ್ಗೆ ಉಪ್ಪುಕಾಗದದಲ್ಲಿ ಉಜ್ಜಿ ಒಣಗಲು ಬಿಟ್ಟೆ.

ಒಣಗಲು ಬಿಡುವುದೇ ನಮ್ಮ ಸೀಮೆಯಲ್ಲಿ ಅತಿ ಅಪಾಯದ ಘಟ್ಟ. ಇಲ್ಲಿ ಖಾಲಿ ಸಮತಲ ಎಂಬ ವಸ್ತುವನ್ನು ಯಾರೂ ಒಪ್ಪುವುದಿಲ್ಲ. ಬಿಸಿಲು ಬೀಳುವ ಚಪ್ಪಟೆ ಜಾಗ ಕಂಡರೆ ಏನಾದರೂ ಹರಡಲೇಬೇಕು. 'ಇಲ್ಲಿ ಕೊಬ್ಬರಿ ಹರಡಬಾರದು' ಎಂದು ಫಲಕ ಬರೆದಿಟ್ಟೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಮೆಣಸಿನಕಾಯಿ ಹರಡಿತ್ತು. ಹರಡಿದವರು ನನ್ನ ಗಂಡ. "ಮೆಣಸಿನಕಾಯಿ ಅಂತ ಬರ್ದಿಲ್ವಲ್ಲ ಕಣೇ" ಎಂದರು. ಅದನ್ನೂ ಸೇರಿಸಿದೆ, ಹಪ್ಪಳ, ಹುಣಸೆಹಣ್ಣು, ಒಗೆದ ಪಂಚೆಗಳನ್ನೂ ಸೇರಿಸಿ ಫಲಕವನ್ನು ಸಂವಿಧಾನದಷ್ಟು ಉದ್ದ ಮಾಡಿದೆ. ಆದರೆ ಎಲ್ಲ ಕಾನೂನಿನಲ್ಲೂ ಒಂದು ಕಿಂಡಿ ಇರುತ್ತದೆ.

ಶುಕ್ರವಾರ ಪೇಟೆಯಿಂದ ಬ್ರಷ್ಷು ತಂದು ನೋಡುತ್ತೇನೆ, ಜಗುಲಿ ಫಳಫಳ ಹೊಳೆಯುತ್ತಿದೆ. ಪಕ್ಕದಲ್ಲಿ ಹನುಮಕ್ಕ. ಜೇಡರ ಬಲೆ ತೆಗೆಯುವ ಉದ್ದದ ಕೋಲಿಗೆ ಬಟ್ಟೆ ಸುತ್ತಿ, ಒಂದು ಹೆಜ್ಜೆಯನ್ನೂ ಮೇಲಿಡದೆ, ನಾಲ್ಕೂ ಕಡೆಯಿಂದ ಕೊಬ್ಬರಿ ಎಣ್ಣೆ ಬಳಿದು ಮುಗಿಸಿದ್ದರು.

"ಏನ್ ಮಾಡಿದ್ರಿ ಹನುಮಕ್ಕ!"

"ಎಣ್ಣೆ ಇಕ್ದೆ ಕಣವ್ವ. ನೀನ್ ತಿಕ್ಕಿ ತಿಕ್ಕಿ ಅದ್ರ ಮೈ ಬಿಳಿಚ್ಕಂಡಿತ್ತು. ಹಂಗೇ ಬುಟ್ರೆ ಬಿರುಕ್ ಬುಡ್ತದೆ. ನಮ್ ತೆಂಗಿನ್ ಮರಾನೇ ತಾನೆ? ಅದ್ರೆಣ್ಣೆ ಅದ್ಕೇ ಇಕ್ಕಿದ್ರೆ ಏನಾಯ್ತು?"

ತಲೆನೋವು, ಕೀರಲು ಬಾಗಿಲು, ಸೈಕಲ್ ಚೈನು, ಹಸುಗೂಸು, ಒಡೆದ ಹಿಮ್ಮಡಿ, ಇವೆಲ್ಲಕ್ಕೂ ಒಂದೇ ಮದ್ದು ಬಲ್ಲ ಸೀಮೆ ನಮ್ಮದು. ನಾನು ಈ ಅನ್ಯಾಯಕ್ಕೆ ಹೆಸರು ಹುಡುಕಿದೆ; ಜೀವನದಲ್ಲಿ ಮೊದಲ ಬಾರಿಗೆ ಸಿಗಲಿಲ್ಲ. ಅದರ ಬದಲು ಮರದ ರಂಧ್ರಗಳ ಬಗ್ಗೆ ಕಾಲು ಗಂಟೆ ಮಾತಾಡಿದೆ. ಹನುಮಕ್ಕ ಸಾವಧಾನದಿಂದ ಕೇಳಿದರು.

"ಆಯ್ತು ಬುಡವ್ವ, ಅಳ್ಬ್ಯಾಡ. ಎಣ್ಣೆ ಇಕ್ಕಿದ್ ಮ್ಯಾಲೆ ನೀರ್ ಹಾಕ್ದೆ ಬುಡ್ತೀವಾ? ನಾಳೀಕೆ ಬಿಸ್ನೀರ್ ಕಾಯ್ಸು, ಸೀಗೇಪುಡಿ ತಗಂಬತ್ತೀನಿ."

"ಜಗುಲಿಗೆ ಎಣ್ಣೆಸ್ನಾನ," ಎಂದರು ಕುರ್ಚಿಯಿಂದ ರೇಣುಕಪ್ಪ. "ಒಬ್ಬಟ್ಟು ಯಾವಾಗ?"

ಶನಿವಾರ ಬೆಳಿಗ್ಗೆ ಇಬ್ಬರೂ ಅಂಚುಗಳನ್ನು ತಿಕ್ಕಿದೆವು. ನಡುವಿನ ಹಲಗೆ ಕೆಳಗಿನಿಂದ ಕೈಗೆಟುಕಲಿಲ್ಲ. ಹನುಮಕ್ಕ ಒಂದು ಗಳಿಗೆ ನೋಡಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು, ಹತ್ತಿ ನಟ್ಟನಡುವೆ ಕೂತು ತಿಕ್ಕತೊಡಗಿದರು. ನನ್ನ ಕೈಯ ಜುಂಗು ನಿಂತುಹೋಯಿತು. ಆದರೆ ಸಂತೋಷಪಡುವ ಮೊದಲೇ ಅಭ್ಯಾಸಬಲ ಜಾಗೃತವಾಯಿತು: ದುಡಿಯುವುದಕ್ಕೆ ಮೇಲೆ, ಕೂರುವುದಕ್ಕೆ ಕೆಳಗೆ! ಇದಕ್ಕೆ ಶೋಷಣೆ ಎಂದು ಹೆಸರು. "ನೀವು ಸುಮ್ಮನೆ ಕೂತಿರಿ, ನಾನು ತಿಕ್ಕುತ್ತೇನೆ" ಎಂದೆ.

"ನೀನ್ ತಿಕ್ಕಿದ್ದ ಕಂಡಿದೀನಿ ಬುಡು. ಆ ಮೂಲೆ ನೋಡು, ಪಾಚಿ ಹಂಗೇ ಕುಂತದೆ."

ಕೆಲಸ ಮುಗಿಯಿತು. ಹನುಮಕ್ಕ ಇಳಿದು, ಮಣ್ಣಿನ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಿದರು.

ಭಾನುವಾರ ಬಂತು. ಜಗುಲಿ ಒಂದು ಕಡೆ ಕಂದು, ಒಂದು ಕಡೆ ಬಿಳಿ. ಯಾವುದೋ ಅಪರಿಚಿತ ದೇಶದ ಭೂಪಟದಂತಿತ್ತು. ಹಾಕಿದ ನೀರ ಹನಿ ಇಂಗದೆ ಗುಂಡಗೆ ನನ್ನನ್ನೇ ದಿಟ್ಟಿಸುತ್ತಿತ್ತು. ಬಣ್ಣದ ಮಾತು ಮುಗಿದಿತ್ತು. ಹದಿನೇಳು ಹೆಂಗಸರು ಬಂದು ಅಂಗಳದಲ್ಲೇ ನಿಂತರು. ಯಾರೂ ಹತ್ತಲಿಲ್ಲ, ಎಲ್ಲರ ಕಣ್ಣೂ ಹನುಮಕ್ಕನ ಮೇಲೆ.

ಹನುಮಕ್ಕ ಹಲಗೆಯನ್ನು ಅಂಗೈಯಿಂದ ಸವರಿದರು, ತೇವ ಆರಿದೆಯೇ ಎಂದು. ಎಣ್ಣೆ ಹಚ್ಚಿ ಮೀಯಿಸಿದ ಮಗುವಿನ ಬೆನ್ನು ಮುಟ್ಟುವ ರೀತಿ ಅದು. ಆಮೇಲೆ ಕಾಲಿಗೆ ನೀರು ಹಾಕಿಕೊಂಡು, ಹತ್ತಿ, ನಿನ್ನೆ ತಾವು ತಿಕ್ಕಿದ ನಡುಜಾಗದಲ್ಲಿ ಪದ್ಮಾಸನ ಹಾಕಿ ಕೂತರು.

"ಅದೇನ್ ಬಿಂಕ ಮಾಡ್ಕಂಡ್ ನಿಂತಿದೀರೇ? ನಾನೇ ಎಣ್ಣೆ ಇಕ್ಕಿ ನೀರ್ ಹಾಕಿದೀನಿ, ಏನೂ ಕಚ್ಚಕಿಲ್ಲ. ಹತ್ತಿ!"

ಹದಿನೇಳೂ ಜನ ಹತ್ತಿದರು. ಜಾಗಕ್ಕಾಗಿ ಒಂದೆರಡು ಜಗಳವೂ ಆಯಿತು. ನಾನು ಸ್ವಾಗತ ಭಾಷಣದ ಹಾಳೆ ಹಿಡಿದು ಒಂದು ಕಾಲನ್ನು ಮೇಲಿಟ್ಟೆ.

"ಏ ಯವ್ವ, ಕಾಲು! ಕಾಲು!" ಎಂದು ಹನುಮಕ್ಕ ಕೂಗಿದರು. "ಮಣ್ ಕಾಲಲ್ಲಿ ಹತ್ತಬ್ಯಾಡ. ತೊಳ್ಕಂಡ್ ಬಾ."

ನನ್ನ ಭಾಷಣದ ಮೊದಲ ವಾಕ್ಯ, 'ಇದು ಯಾರೊಬ್ಬರ ಜಗುಲಿಯೂ ಅಲ್ಲ' ಎಂದಿತ್ತು. ಅದನ್ನು ಹೊಡೆದುಹಾಕಿ, ನಲ್ಲಿಯ ಕಡೆ ನಡೆದೆ.