ಜೇಬಿನಲ್ಲಿದ್ದ ಫ್ಯೂಸು

"ಊಟ ಆಯ್ತಾ?" ಅಂತ ಹೆಂಡತಿ ಕೇಳಿದರೆ ಯಾವ ಗಂಡಸಿಗೆ ಗಂಟಲು ಕಟ್ಟುತ್ತದೆ, ನೀವೇ ಹೇಳಿ. ಲಿಫ್ಟ್ ಮಾವನಿಗೆ ಕಟ್ಟುತ್ತಿತ್ತು. ಉಂಡ ತಟ್ಟೆ ತೊಳೆದಿಟ್ಟು ಕೈ ಒರೆಸಿಕೊಳ್ಳುತ್ತಾ ನಿಂತವನು "ಆಯ್ತು" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಾರ. ಅಡುಗೆಮನೆಗೆ ವಾಪಸ್ ಹೋಗಿ ತಟ್ಟೆ ಒದ್ದೆಯಿದೆಯಾ ಅಂತ ಮುಟ್ಟಿ ನೋಡಿ ಬರುತ್ತಿದ್ದ. ಬಂದ ಮೇಲಾದರೂ ಬಾಯಿ ಬಿಟ್ಟನೇ? ಅದೂ ಇಲ್ಲ. ಹೆಂಡತಿ ಹಣೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಲಿಫ್ಟ್ ಮಾವ ಅನ್ನುವುದು ದೊಡ್ಡ ದೊಡ್ಡ ಕಟ್ಟಡಗಳ ಮಕ್ಕಳು ಇಟ್ಟ ಹೆಸರು. ಕೆಟ್ಟ ಲಿಫ್ಟುಗಳನ್ನು ರಿಪೇರಿ ಮಾಡುವ ಕೆಲಸ. ಮೊದಲಿಂದಲೂ ಮಾತು ಕಮ್ಮಿ, ಆದರೆ ಆಡಿದ್ದು ಗಟ್ಟಿ. ಅವನ ಜೊತೆಗಾರ ಹೆಂಡತಿಯ ತಮ್ಮ. ಈ ಭಾವಮೈದನದು ಅರಳು ಹುರಿದಂಥ ಮಾತು. ಇಬ್ಬರ ಜೋಡಿ ನೋಡಿದವರು ಒಬ್ಬನ ಪಾಲಿನ ಮಾತನ್ನೂ ಇನ್ನೊಬ್ಬನೇ ಆಡಿ ಮುಗಿಸುತ್ತಾನೆ ಅಂತ ನಗುತ್ತಿದ್ದರು.

ಆ ಕೆಲಸದಲ್ಲಿ ಅವರದೊಂದು ಪದ್ಧತಿ ಇತ್ತು. ಭಾವಮೈದ ಲಿಫ್ಟು ಓಡಾಡುವ ಗುಂಡಿಯೊಳಗೆ, ಲಿಫ್ಟಿನ ತಲೆ ಮೇಲೆ ನಿಲ್ಲುತ್ತಿದ್ದ. ಲಿಫ್ಟ್ ಮಾವ ಅದಕ್ಕೂ ಮೇಲೆ, ಮೋಟಾರಿನ ಕೋಣೆಯಲ್ಲಿ. ಹಗ್ಗಕ್ಕೋ ಚಕ್ರಕ್ಕೋ ಕೈ ಹಾಕುವ ಮೊದಲು ಭಾವಮೈದ ಕೆಳಗಿಂದ ಕೂಗಬೇಕು: "ತೆಗೆದ್ರಾ ಭಾವ?" ಮೇಲಿನವನು ಬೋರ್ಡಿನಿಂದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಕೂಗಬೇಕು: "ತೆಗೆದೆ!" ಫ್ಯೂಸು ಜೇಬಿನಲ್ಲಿದ್ದರೆ ಆಯಿತು, ಯಾರು ಎಲ್ಲಿ ಎಷ್ಟು ಬಟನ್ ಒತ್ತಿದರೂ ಲಿಫ್ಟು ಅಲ್ಲಾಡುವುದಿಲ್ಲ. ಆ ಒಂದು ಮಾತಿನ ಮೇಲೆ ಕೆಳಗಿನವನ ಜೀವ.

ಅವತ್ತು ಬೆಳಿಗ್ಗೆ ಬೇರೆ ಕಟ್ಟಡದಲ್ಲಿ ಸುಟ್ಟುಹೋದ ಫ್ಯೂಸೊಂದನ್ನು ಬದಲಾಯಿಸಿ, ಹಳೆಯದನ್ನು ಲಿಫ್ಟ್ ಮಾವ ಜೇಬಿಗೆ ಹಾಕಿಕೊಂಡಿದ್ದ. ಎಸೆಯಲು ಮರೆತ. ಮಧ್ಯಾಹ್ನ ಇನ್ನೊಂದು ಕಟ್ಟಡದಲ್ಲಿ ಕೆಳಗಿಂದ ಕೂಗು ಬಂತು. ಕೈ ಜೇಬಿಗೆ ಹೋಯಿತು, ಫ್ಯೂಸಿನ ಪಿಂಗಾಣಿ ತಣ್ಣಗೆ ತಾಗಿತು, ಬಾಯಿ ತಾನೇ ತಾನಾಗಿ "ತೆಗೆದೆ!" ಅಂದುಬಿಟ್ಟಿತು. ಬೋರ್ಡಿನ ಫ್ಯೂಸು ಬೋರ್ಡಿನಲ್ಲೇ ಇತ್ತು. ಕೆಳಗಿನ ಮಹಡಿಯಲ್ಲಿ ಯಾರೋ ಬಟನ್ ಒತ್ತಿದರು.

ಭಾವಮೈದನ ಬಲಗಾಲಿನ ಪಾದ ಹೋಯಿತು. ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವನು ಆಡಿದ ಮೊದಲ ಮಾತು ಏನು ಗೊತ್ತೇ? "ಹೋಗ್ಲಿ ಬಿಡಿ ಭಾವ, ಇನ್ಮೇಲೆ ಒಂದೇ ಚಪ್ಪಲಿ ಸವೆಯುತ್ತೆ." ಅಕ್ಕ ಅಳುತ್ತಲೇ ನಕ್ಕಳು. ಲಿಫ್ಟ್ ಮಾವ ನಗಲಿಲ್ಲ. ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು ಅಂತ ಅವನಿಗೆ ಅನ್ನಿಸಿತು. ಅಲ್ಲಿಂದಾಚೆಗೆ ಯಾರು ಏನು ಕೇಳಿದರೂ ಅವನ ಬಾಯಿಗೆ ಬೀಗ. ಬಾಗಿಲು ಹಾಕಿದ್ಯಾ, ಗ್ಯಾಸ್ ಆರಿಸಿದ್ಯಾ, ನಿದ್ದೆ ಬಂತಾ? ಪ್ರತಿ ಪ್ರಶ್ನೆಯೂ ಆ ಗುಂಡಿಯ ಒಳಗಿಂದಲೇ ಬಂದಂತೆ ಕೇಳುತ್ತಿತ್ತು. ತನ್ನ "ಹೌದು" ಅನ್ನುವ ಮಾತಿನ ಮೇಲೆ ಅವನಿಗೇ ನಂಬಿಕೆ ಹೋಗಿತ್ತು.

ಇದು ಹೀಗೇ ನಡೆದಿದ್ದರೆ ಹೆಂಡತಿ ಹೇಗೋ ಸಹಿಸಿಕೊಳ್ಳುತ್ತಿದ್ದಳೋ ಏನೋ. ಆದರೆ ಭಾವಮೈದನಿಗೆ ಹೊಸ ಪಾದ ಕೂಡಿಸಿದರು. ಗೋಡೆ ಹಿಡಿದು, ಕೋಲು ಹಿಡಿದು, ಕೊನೆಗೆ ಏನೂ ಹಿಡಿಯದೆ ನಡೆದ. ನಡೆದವನೇ ಕೆಲಸಕ್ಕೆ ಬರುತ್ತೇನೆ ಅಂತ ಹಟ ಹಿಡಿದ. ಅದರಲ್ಲೂ ಒಂದು ಷರತ್ತು.

"ಮೇಲೆ ಭಾವ ಇದ್ರೆ ಮಾತ್ರ. ಬೇರೆ ಯಾರ ಮಾತಿಗೂ ನಾನು ಗುಂಡಿಗೆ ಇಳಿಯಲ್ಲ."

"ನಿನಗೇನು ತಲೆ ಕೆಟ್ಟಿದೆಯೇನೋ?" ಅಕ್ಕ ಕೇಳಿದಳು.

"ಅಕ್ಕ, ಬೇರೆಯವರೆಲ್ಲ ಆ ತಪ್ಪು ಇನ್ನೂ ಮಾಡಿಲ್ಲ. ಭಾವ ಮಾಡಿ ಮುಗಿಸಿದ್ದಾರೆ. ಇನ್ನೊಂದು ಸಲ ಮಾಡಲ್ಲ."

ರಿಪೇರಿ ಕಂಪನಿಯ ಮಾಲೀಕ ಈ ತಿಂಗಳ ಕೊನೆತನಕ ಕಾಯುತ್ತೇನೆ ಅಂದ. ಅಷ್ಟರಲ್ಲಿ ಲಿಫ್ಟ್ ಮಾವ ಬಾಯಿ ಬಿಡದಿದ್ದರೆ ಇಬ್ಬರ ಜಾಗಕ್ಕೂ ಬೇರೆಯವರು. ಕಾಲು ಕಳೆದುಕೊಂಡ ತಮ್ಮ ಒಂದು ಕಡೆ, ಮಾತು ಕಳೆದುಕೊಂಡ ಗಂಡ ಇನ್ನೊಂದು ಕಡೆ. ನಡುವೆ ಆ ಹೆಂಗಸು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು.

ಮೊದಲು ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋದಳು. ಒಳ್ಳೆಯ ಹುಡುಗ, ಪಾಪ. ಮೇಜಿನ ಮೇಲೆ ಟಿಶ್ಯೂ ಡಬ್ಬ ಇಟ್ಟುಕೊಂಡು ಮೆತ್ತಗೆ ಕೇಳಿದ: "ನಿದ್ದೆ ಬರುತ್ತಾ? ಹಸಿವಾಗುತ್ತಾ? ಭಯ ಆಗುತ್ತಾ?" ಪ್ರಶ್ನೆಗೊಂದು ಸಲ ಲಿಫ್ಟ್ ಮಾವನ ಕೈ ಜೇಬಿಗೆ ಹೋಗಿ ಬಂತು. ಅಂಗಿ ಬೆವರಿನಿಂದ ತೊಯ್ದುಹೋಯಿತು. ಆಮೇಲೆ ಫೋನಿನಲ್ಲೇ ಮಾತಾಡುವ ಇನ್ನೊಬ್ಬರನ್ನು ಹುಡುಕಿದಳು. ಅವರ ಮುಖ ಪರದೆಯ ಮೇಲೆ ಗಕ್ಕನೆ ನಿಂತುಬಿಟ್ಟಿತು, ಈ ಕಡೆ ಇವನೂ ನಿಂತೇ ಇದ್ದ. ನೆಟ್‌ವರ್ಕ್ ಕೆಟ್ಟಿದ್ದು ಯಾರದು ಅಂತ ಆ ಕಡೆಯವರಿಗೆ ಕೊನೆಗೂ ಗೊತ್ತಾಗಲಿಲ್ಲ.

ಹೆಂಡತಿಗೆ ಲಾಂಡ್ರಿ ಅಂಗಡಿಯಲ್ಲಿ ಇಸ್ತ್ರಿ ಕೆಲಸ. ಅಲ್ಲಿಗೆ ಬಟ್ಟೆ ಕೊಡುವ ಡ್ರಿಲ್ ಟೀಚರ್ ಒಬ್ಬರು ಇವಳ ಸಪ್ಪೆ ಮುಖ ನೋಡಿ ವಿಷಯ ತಿಳಿದುಕೊಂಡರು.

"ಮಾತಾಡಿಸೋರ ಹತ್ರ ಯಾಕೆ ಹೋಗ್ತೀರಿ? ಮಾಡಿಸೋರು ಇದ್ದಾರೆ. ಎಕ್ಸ್‌ಪೀರಿಯೆನ್ಷಿಯಲ್ ಥೆರಪಿ ಅಂತ. ಆಗಿದ್ದನ್ನ ಬಾಯಲ್ಲಿ ಹೇಳೋದಲ್ಲ, ಕೋಣೆಯಲ್ಲಿ ಮತ್ತೆ ಕಟ್ಟಿ ಮಾಡಿ ನೋಡೋದು. ಕೆಲವರು ಚಿತ್ರ ಬರೆಸ್ತಾರೆ, ಕೆಲವರು ನಾಟಕದ ಥರ ಆಡಿಸ್ತಾರೆ, ಕುದುರೆ ಹತ್ರ ಬಿಡೋರೂ ಇದ್ದಾರೆ. ಆದ್ರೆ ಬೋರ್ಡ್ ಹಾಕ್ಕೊಂಡವರೆಲ್ಲ ಕಲಿತವರಲ್ಲ. ವಿಚಾರಿಸಿ ಹೋಗಿ."

ಆ ಉದ್ದದ ಹೆಸರು ಇವಳ ನಾಲಿಗೆಗೆ ಹೊರಳಲಿಲ್ಲ. "ಮಾಡಿಸೋ ಡಾಕ್ಟ್ರು" ಅಂತ ಮೊಟಕು ಮಾಡಿಕೊಂಡಳು. ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಕುದುರೆಯವರು ಒಳ್ಳೆಯವರೇ, ಆದರೆ ಅವರಿದ್ದ ಜಾಗಕ್ಕೆ ಹೋಗಿ ಬರಲು ಒಂದು ದಿನ ಬೇಕು. ಇನ್ನೊಬ್ಬ ಮಹಾನುಭಾವ, ಒಂದೇ ಸಿಟ್ಟಿಂಗಿನಲ್ಲಿ ಸರಿಮಾಡಿ ಕಳಿಸ್ತೀನಿ ಅಂದ. ಇವಳು ಕೇಳಿದಳು, "ಮಧ್ಯದಲ್ಲಿ ಅವರು ಬೇಡ ಅಂದ್ರೆ?"

"ನನ್ನ ಕೈಗೆ ಬಂದ ಮೇಲೆ ಬೇಡ ಅನ್ನೋಕೆ ಬಿಡಲ್ಲಮ್ಮ."

ಫೋನ್ ಕುಕ್ಕಿದಳು. ನಿನ್ನ ಕೈಗೆ ಬೆಂಕಿ ಬೀಳ ಅಂತ ಬೈದುಕೊಂಡೇ ಎರಡು ಅಂಗಿ ಇಸ್ತ್ರಿ ಮಾಡಿದಳು. ಆಮೇಲೆ ಸಿಕ್ಕ ಹೆಂಗಸಿಗೂ ಅದೇ ಪ್ರಶ್ನೆ ಕೇಳಿದಳು. ಆಕೆ ಮೊದಲು ಎಲ್ಲಿ ಕಲಿತದ್ದು, ಎಷ್ಟು ವರ್ಷದಿಂದ ಮಾಡುತ್ತಿರುವುದು ಎಲ್ಲ ಸಮಾಧಾನವಾಗಿ ಹೇಳಿ, ಕೊನೆಗೆ ಅಂದರು: "ಅವರು ಕೈ ಎತ್ತಿದ್ರೆ ಸಾಕು, ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ." ಅಲ್ಲಿಗೆ ಹುಡುಕಾಟ ಮುಗಿಯಿತು.

ಆಕೆಯ ಕೋಣೆ ಇದ್ದದ್ದು ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಇತ್ತು, ಗಂಡ ಹೆಂಡತಿ ಮೆಟ್ಟಿಲು ಹತ್ತಿದರು. ಕೋಣೆಯಲ್ಲಿ ಮೇಜಿಲ್ಲ, ಟಿಶ್ಯೂ ಡಬ್ಬವೂ ಇಲ್ಲ. ಗೋಡೆಗೆ ಒತ್ತಿಟ್ಟ ಕುರ್ಚಿಗಳು, ಹಗ್ಗಗಳು, ಮಡಿಚಿಟ್ಟ ಬಟ್ಟೆಗಳು, ಮರದ ತುಂಡುಗಳ ಒಂದು ಬುಟ್ಟಿ. ಥೆರಪಿಸ್ಟ್ ಮೇಡಂ ಬರಿಗಾಲಲ್ಲಿ ನಿಂತಿದ್ದರು.

"ನಾನು ಪ್ರಶ್ನೆ ಕೇಳಲ್ಲ," ಅಂದರು. "ಆ ದಿನ ಎಲ್ಲೆಲ್ಲಿ ಏನೇನಿತ್ತೋ, ಇಲ್ಲಿರೋ ಸಾಮಾನಲ್ಲಿ ಜೋಡಿಸಿ. ಬೇಡ ಅನ್ನಿಸಿದ್ರೆ ಕೈ ಎತ್ತಿ."

ಲಿಫ್ಟ್ ಮಾವ ಕೋಣೆಯ ಸಾಮಾನನ್ನೆಲ್ಲ ಒಮ್ಮೆ ಸುತ್ತಿ ನೋಡಿದ. ಆಮೇಲೆ ಒಂದು ಕುರ್ಚಿ ಎಳೆದ. ಅದು ಮೋಟಾರು. ಬುಡಮೇಲು ಮಾಡಿದ ಸ್ಟೂಲು ಚಕ್ರ. ನೆಲದ ಮೇಲೆ ಹಗ್ಗ ಸುತ್ತಿ ಗುಂಡಿ ಮಾಡಿದ. ಒಂದು ಮರದ ತುಂಡನ್ನು ಆರಿಸಿ ಜೇಬಿಗೆ ಹಾಕಿಕೊಂಡ. ಹೆಂಡತಿ ಬಾಗಿಲ ಬಳಿ ಕೂತು ನೋಡುತ್ತಿದ್ದಳು.

ಮುಂದಿನ ಸಲ ಮೇಡಂ ಹಗ್ಗದ ಸುತ್ತಿನೊಳಗೆ ನಿಂತು, ಹೆಂಡತಿಯಿಂದ ತಿಳಿದಿದ್ದ ಮಾತನ್ನೇ ಕೂಗಿದರು: "ತೆಗೆದ್ರಾ ಭಾವ?" ಅವನ ಕೈ ಜೇಬಿಗೆ ಹೋಯಿತು, ಮರದ ತುಂಡು ತಾಗಿತು. ಇನ್ನೊಂದು ಕೈ ಎತ್ತಿದ. ಮೇಡಂ ತಕ್ಷಣ ಹಗ್ಗ ದಾಟಿ ಹೊರಗೆ ಬಂದು ನೀರು ಕೊಟ್ಟರು. ಯಾಕೆ ಅಂತ ಕೇಳಲಿಲ್ಲ. ಅದರ ಮುಂದಿನ ಸಲವೂ ಅಷ್ಟೇ. ಅದರ ಮುಂದಿನ ಸಲವೂ ಕೈ ಮೇಲೆ.

ಹೆಂಡತಿಯ ತಾಳ್ಮೆಯ ಕಟ್ಟೆಯೊಡೆಯಿತು. "ಇನ್ನೆಷ್ಟು ದಿನ ಮೇಡಂ ಈ ಕುರ್ಚಿ ಜೋಡಿಸೋ ಆಟ? ತಿಂಗಳು ಮುಗೀತಾ ಬಂತು!"

"ಬೇಡ ಅಂದಾಗೆಲ್ಲ ಕೈ ಎತ್ತಿದ್ದಾರೆ, ಗಮನಿಸಿದ್ರಾ? ಅದೂ ಉತ್ತರಾನೇ ಅಲ್ವಾ," ಅಂದರು ಮೇಡಂ. "ಆದ್ರೆ ತಿಂಗಳ ಕೊನೆಗೆ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲಾರೆ."

ಇದು ಭಾವಮೈದನ ಕಿವಿಗೆ ಬಿತ್ತು. ನಾನೇ ಬರ್ತೀನಿ ಅಂತ ಕುಣಿದ. ಮೇಡಂ ಅವನನ್ನು ಹೊರಗೇ ನಿಲ್ಲಿಸಿ, ಒಂದು ಕುರ್ಚಿಯನ್ನು ತಂದು ಲಿಫ್ಟ್ ಮಾವನ ಮುಂದಿಟ್ಟರು. "ಇದು ಅವರ ಕುರ್ಚಿ. ಬರಲಿ ಅನ್ನಿಸಿದ್ರೆ ಹಗ್ಗದ ಒಳಗಿಡಿ. ಬೇಡ ಅನ್ನಿಸಿದ್ರೆ ಬಾಗಿಲಾಚೆ." ಲಿಫ್ಟ್ ಮಾವ ಕುರ್ಚಿಯ ಬೆನ್ನು ಹಿಡಿದುಕೊಂಡ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಹೆಂಡತಿ ಎದ್ದು ನಿಂತಳು. ಅವನು ತಿರುಗಿ ಬಂದು ಕುರ್ಚಿಯನ್ನು ಹಗ್ಗದೊಳಗೆ ಇಟ್ಟ.

ಹೊಸ ಪಾದ ಟಕ್ ಟಕ್ ಅನ್ನಿಸುತ್ತಾ ಭಾವಮೈದ ಬಂದು ಕೂತ. ಯಾವತ್ತೂ ಇಲ್ಲದ್ದು, ಒಂದು ತಮಾಷೆಯೂ ಮಾಡಲಿಲ್ಲ. ಕತ್ತು ಮೇಲೆತ್ತಿ ಕೂಗಿದ.

"ತೆಗೆದ್ರಾ ಭಾವ?"

ಕೈ ಜೇಬಿಗೆ ಹೋಯಿತು. ತುಂಡು ತಾಗಿತು. ಇನ್ನೇನು ಇನ್ನೊಂದು ಕೈ ಏಳುತ್ತದೆ ಅಂತ ಎಲ್ಲರೂ ಕಾದರು. ಏಳಲಿಲ್ಲ. ಲಿಫ್ಟ್ ಮಾವ ಆ ತುಂಡನ್ನು ಹೊರಗೆ ತೆಗೆದು, ಅದರ ಮುಖ ನೋಡಿ, ನೆಲಕ್ಕೆ ಎಸೆದ. ಕರವಸ್ತ್ರ ತೆಗೆದ, ಬೀಗದಕೈ ತೆಗೆದ, ಜೇಬನ್ನೇ ಒಳಹೊರಗು ಮಾಡಿ ಕೊಡವಿದ. ನೆಟ್ಟಗೆ ಬಾಗಿಲ ಪಕ್ಕದ ಹಳೆಯ ಸ್ವಿಚ್ ಬೋರ್ಡಿಗೆ ಹೋಗಿ, ಆ ಮಹಡಿಯ ನಿಜವಾದ ಫ್ಯೂಸನ್ನೇ ಕಿತ್ತ. ದೀಪ ಆರಿತು. ಫ್ಯಾನು ನಿಧಾನವಾಗಿ ನಿಂತಿತು. ಪಕ್ಕದ ಆಫೀಸಿನಿಂದ "ಯಾರ್ರೀ ಅದು, ಕರೆಂಟ್ ತೆಗೆದದ್ದು?" ಅಂತ ಯಾರೋ ಕಿರುಚಿದರು.

ಅವನು ಹಗ್ಗದೊಳಗೆ ಬಂದು ಭಾವಮೈದನ ಅಂಗೈ ಬಿಡಿಸಿ, ಫ್ಯೂಸು ಇಟ್ಟು, ಬೆರಳು ಮಡಿಚಿದ.

"ಇದು ನನ್ನ ಕೈಗೆ ಯಾಕೆ ಭಾವ?"

ಲಿಫ್ಟ್ ಮಾವನ ಗಂಟಲಿಂದ ದನಿ ಗೊರಗೊರ ಬಂತು. "ಕಾಲು ನಿಂದು. ಫ್ಯೂಸು ನನ್ನ ಜೇಬಲ್ಲಿ ಯಾಕಿರಬೇಕು?"

ಅಷ್ಟು ಹೇಳಿ ನೆಲದ ಮೇಲೆ ಕೂತ. "ತೆಗೆದೆ" ಅನ್ನುವ ಆ ಒಂದು ಮಾತು ಮಾತ್ರ ಬರಲಿಲ್ಲ. ಇವತ್ತಿಗೆ ಸಾಕು ಅಂತ ಮೇಡಂ ಕತ್ತಲಲ್ಲೇ ಅಂದರು. ಇನ್ನೂ ಕೆಲವು ಸಲ ಬರಬೇಕು ಅಂದರು. ಹೆಂಡತಿ ಮಾತ್ರ ದಾರಿಯುದ್ದಕ್ಕೂ ಮೂಗು ಒರೆಸಿಕೊಂಡಳು. ಮಾತು ಬಂತಲ್ಲ ಅಂತ ಸಂತೋಷ, ಬರಬೇಕಾದ ಮಾತೇ ಬರಲಿಲ್ಲವಲ್ಲ ಅಂತ ಸಂಕಟ.

ತಿಂಗಳ ಕೊನೆಯ ದಿನ ಮಾಲೀಕ ಇಬ್ಬರನ್ನೂ ಒಂದು ಕಟ್ಟಡಕ್ಕೆ ಕಳಿಸಿದ. ಆಗದಿದ್ದರೆ ಇವತ್ತೇ ಹೇಳಿಬಿಡಿ ಅಂದಿದ್ದ. "ಲಿಫ್ಟ್ ಮಾವ ಬಂದ್ರು!" ಅಂತ ಮಕ್ಕಳು ಮೆಟ್ಟಿಲ ಮೇಲೆ ಗಲಾಟೆ ಎಬ್ಬಿಸಿದರು. ಭಾವಮೈದ ಲಿಫ್ಟಿನ ತಲೆ ಮೇಲೆ ಹತ್ತಿ, ಹೊಸ ಪಾದವನ್ನು ಹುಷಾರಾಗಿ ಊರಿ ನಿಂತ. ಲಿಫ್ಟ್ ಮಾವ ಮೋಟಾರಿನ ಕೋಣೆಯಲ್ಲಿ ಫ್ಯೂಸು ಕಿತ್ತ. ಜೇಬಿಗೆ ಹಾಕಲಿಲ್ಲ. ಮೆಟ್ಟಿಲಿಳಿದು ಬಂದು, ತೆರೆದ ಲಿಫ್ಟ್ ಬಾಗಿಲಿನಿಂದ ಬಗ್ಗಿ ಅವನ ಕೈಗೆ ಕೊಟ್ಟ. ಭಾವಮೈದ ಅದನ್ನು ತನ್ನ ಜೇಬಿಗೆ ಹಾಕಿಕೊಂಡು ಜೇಬಿನ ಬಾಯಿ ಮುಚ್ಚಿದ. ಆದರೂ ಹಗ್ಗ ಮುಟ್ಟಲಿಲ್ಲ. ಭಾವನ ಮುಖ ನೋಡಿ ಕೇಳಿದ.

"ತೆಗೆದ್ರಾ ಭಾವ?"

ಲಿಫ್ಟ್ ಮಾವನಿಗೆ ರೇಗಿಹೋಯಿತು. "ನಿನ್ನ ಜೇಬಲ್ಲೇ ಇದೆಯಲ್ಲೋ!"

"ಇದೆ. ಆದ್ರೆ ನೀವು ಹೇಳದೆ ನಾನು ಕೈ ಹಾಕಲ್ಲ."

ಲಿಫ್ಟ್ ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೆಳಗಿನ ಮಹಡಿಯಲ್ಲಿ ಯಾರೋ ಲಿಫ್ಟಿನ ಬಟನ್ ಒತ್ತಿದ ಸದ್ದು ಕಟಕ್ ಅಂತ ಕೇಳಿತು. ಅವನು ಲಿಫ್ಟನ್ನೇ ನೋಡಿದ. ಅದು ಅಲ್ಲಾಡಲಿಲ್ಲ.

"ತೆಗೆದೆ," ಅಂದ.

ಭಾವಮೈದ ಬಗ್ಗಿ ಹಗ್ಗಕ್ಕೆ ಕೈ ಹಾಕಿದ.