ಶುಕ್ರವಾರದ ಒಣ ಕಸ

ಖಾಲಿ ಹಾಲಿನ ಪ್ಯಾಕೆಟ್ಟನ್ನು ತೊಳೆದು, ಬಟ್ಟೆಯ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುವ ಮನೆಯನ್ನು ನೀವು ನೋಡಿರದಿದ್ದರೆ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಒಮ್ಮೆ ಬನ್ನಿ. ನನ್ನ ಹೆಂಡತಿ ಗಂಗಾ ಇದನ್ನು ಎಷ್ಟು ಮುತುವರ್ಜಿಯಿಂದ ಮಾಡುತ್ತಾಳೆಂದರೆ, ನೆಂಟರೆದುರು ನನಗೇ ನಾಚಿಕೆಯಾಗುತ್ತದೆ. ಆಕೆಗೆ ಮಾತ್ರ ಅದು ಉಸಿರಿನ ಪ್ರಶ್ನೆ. ಕಟ್ಟಡದ ಹಿಂದಿನ ಖಾಲಿ ಸೈಟಿನಲ್ಲಿ ಹಸಿ, ಒಣ ಎಲ್ಲ ಕಲೆಸಿ ಸುರಿದ ಕಸಕ್ಕೆ ಯಾರೋ ಬೆಂಕಿಯಿಡುತ್ತಾರೆ. ಹೊಗೆ ನೆಟ್ಟಗೆ ನಮ್ಮ ಕಿಟಕಿಗೇ ಬರುತ್ತದೆ. ಉಬ್ಬಸದ ಗಂಗಾ ಹಾಸಿಗೆಯಲ್ಲಿ ಎದ್ದು ಕುಳಿತು ಗಾಳಿಗಾಗಿ ಬಾಯಿ ತೆರೆಯುವಾಗ, ಪಕ್ಕದಲ್ಲಿ ಕುಳಿತವನಿಗೆ ಬೆನ್ನು ನೀವುವುದರ ಹೊರತು ಏನೂ ತೋಚುವುದಿಲ್ಲ.

ಹಾಗಾಗಿ ನಿವೃತ್ತನಾದ ಮೇಲೆ ನಾನು ಕಸದ ಪ್ರಚಾರಕನಾದೆ. ಒಣ ಕಸವನ್ನು ಮರುಬಳಕೆಗೆ ಒಯ್ಯುವ ಗಾಡಿಯವನನ್ನು ಕಾಡಿ ಬೇಡಿ ಒಪ್ಪಿಸಿದೆ. ಆತನಿಗೆ ಬಿಡುವಿದ್ದದ್ದು ಶುಕ್ರವಾರ ಮಾತ್ರ. ಉಪದೇಶಕ್ಕಿಂತ ಭಕ್ತಿ ಬೇಗ ನಾಟುತ್ತದೆಂದು ಲಿಫ್ಟಿನೊಳಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದೆ: ‘ಒಣ ಕಸ ಕಸವಲ್ಲ, ಲಕ್ಷ್ಮಿ.’

ನಾಟಿತು. ಮನೆಮನೆಯಲ್ಲೂ ರಟ್ಟು, ಬಾಟಲಿ, ಡಬ್ಬಿಗಳು ಬೇರೆ ಚೀಲ ಸೇರಿದವು. ಆದರೆ ಶುಕ್ರವಾರ ಗಾಡಿ ಬಂದರೆ ಒಬ್ಬರೂ ಕೆಳಗಿಳಿಯಲಿಲ್ಲ. ಮುಂದಿನ ವಾರವೂ ಅದೇ ಕಥೆ. ಮನೆಯಲ್ಲೇ ಇಳಕಲ್ಲ ಸೀರೆ ಮಾರುವ, ನೇಕಾರರ ಮನೆಯ ಮಗಳು, ನೆರೆಯ ಶಾಂತಕ್ಕನ ಬಾಗಿಲು ತಟ್ಟಿದೆ.

“ಸರ, ಇವತ್ತ ಶುಕ್ರವಾರ. ಯಾರರ ಮಸರು ಕೇಳಿದ್ರೂ ನಾವು ಕೊಡಂಗಿಲ್ಲ. ಲಕ್ಷ್ಮೀನ್ನ ಹ್ಯಾಂಗ ಹೊರಗ ಹಾಕೂದ್ರಿ? ನೀವೇ ಬರದೀರಲ್ಲ!”

ಬಾಳೆಹಣ್ಣಿನ ಸಿಪ್ಪೆಗೆ ಇಲ್ಲದ ಶುಕ್ರವಾರದ ಕಟ್ಟಳೆ ನನ್ನ ದೆಸೆಯಿಂದ ಬಾಟಲಿಗೆ ಬಂದಿತ್ತು. ಶನಿವಾರ ಬಾಲ್ಕನಿ ತೆರವಾಗಬೇಕಲ್ಲ, ಚೀಲಗಳೆಲ್ಲ ಹಿಂದಿನ ಸೈಟಿಗೇ ಹೋದವು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹರಿದ ಸೀರೆಯಿಂದ ಕೌದಿ, ಹರಿದ ಕೌದಿಯಿಂದ ನೆಲ ಒರೆಸುವ ಅರಿವೆ ಮಾಡಿಕೊಂಡ ಜನ ನಾವು. ಮರುಬಳಕೆಯನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಇಟ್ಟುಕೊಳ್ಳುವುದನ್ನು ಅಜ್ಜಿಯರಿಂದ ಚೆನ್ನಾಗಿಯೇ ಕಲಿತೆವು. ಪ್ಲಾಸ್ಟಿಕ್ಕನ್ನು ಹೇಗೆ ಕಳಿಸಿಕೊಡಬೇಕೆಂದು ಹೇಳಲು, ಪಾಪ, ಅವರ ಕಾಲದಲ್ಲಿ ಅದೇ ಇರಲಿಲ್ಲ. ಲಿಫ್ಟಿನ ಚೀಟಿ ಕಿತ್ತು ಹಾಕಿದೆ. ಕಿತ್ತದ್ದೇ ಅಪಶಕುನವೆಂದು ಕೆಲವರು ಮುಖ ತಿರುಗಿಸಿದರು.

“ಇನ್ನೊಂದು ವಾರ ನೋಡ್ತೇನ್ರಿ ಸರ. ಖಾಲಿ ಹೋಗೂದಾದ್ರ ಬರಂಗಿಲ್ಲ,” ಎಂದ ಗಾಡಿಯವ.

ಆ ಕೊನೆಯ ಶುಕ್ರವಾರ, ಬೇರೆಯವರನ್ನು ಕರೆಯುವ ಭರದಲ್ಲಿ ಈವರೆಗೆ ಮನೆಯಲ್ಲೇ ಉಳಿದಿದ್ದ ನಮ್ಮದೊಂದು ಚೀಲವಾದರೂ ಇಳಿದರೆ ನೋಡಿದವರು ಹಿಂದೆ ಬಂದಾರು ಎಂದು ಹೊರಟೆ. ಗಂಗಾ ಬಾಗಿಲಿಗೆ ಅಡ್ಡ ನಿಂತಳು.

“ಇವತ್ತ ಬ್ಯಾಡ್ರಿ.”

“ಇದೆಲ್ಲಾ ನಿನ್ನ ಸಲುವಾಗಿ ಅಲ್ಲೇನ?”

“ಗೊತ್ತೈತ್ರಿ. ಆದ್ರ ನನ್ನ ಉಬ್ಬಸಕ್ಕ ಮನಿ ಲಕ್ಷ್ಮೀನ್ನ ಕಳಸೂದು ಬ್ಯಾಡ. ನಾ ಕೆಮ್ಮತೇನಿ, ಬಿಡ್ರಿ.”

ಊರನ್ನೆಲ್ಲ ಬೈಯಬಹುದಿತ್ತು, ಇವಳನ್ನಲ್ಲ. ಚೀಲ ಕೆಳಗಿಟ್ಟೆ. ಗಾಡಿ ತುಸು ಹೊತ್ತು ಕಾದು ತಿರುಗಿ ಹೋಯಿತು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಗಂಗಾ, ನಾಳೆಯ ಹೊಗೆಗೆಂದು ಇಂದೇ ಕಿಟಕಿಗಳನ್ನೆಲ್ಲ ಮುಚ್ಚುತ್ತ ಬಂದಳು. ಹಿಂದೆ ಹಿಂದೆಯೇ ಹೋಗಿ ನಾನು ಚಿಲಕ ಹಾಕಿದೆ.